141 ಮೈಲು, ಗುಣವಾಗದವರಿಗಾಗಿ

ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಮ್ಮ ಕಡೆ ಇವತ್ತಿಗೂ ಮೈಲಿನಲ್ಲೇ ಅಳೆಯುತ್ತಾರೆ. ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ ಡ್ಯಾಮಿನ ಬುಡದಿಂದ ಹೊರಟು, ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆ ದಾಟಿ ರಾಯಚೂರಿನ ಕಡೆಗೆ ಹೋಗುವ ಈ ಕಾಲುವೆಯ ಉದ್ದ 141 ಮೈಲು, ಅಂದರೆ ಸುಮಾರು 227 ಕಿಲೋಮೀಟರ್. '69ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ', '104ಕ್ಕೆ ನೀರು ಬಂತಾ' ಅನ್ನುವುದು ರಾಯಚೂರು ಜಿಲ್ಲೆಯ ರೈತರ ದಿನನಿತ್ಯದ ಮಾತು. ಈ ಕಾಲುವೆಯ ಜೊತೆಗೇ ಮೊದಲಿಂದ ಕೊನೆಯವರೆಗೆ ನಾವು ಕೆಲವರು ಚಳಿಗಾಲದಲ್ಲಿ ನಡೆದೆವು. ದುಡ್ಡು ಕೂಡಿಸಲಿಕ್ಕೆ ನಡೆದೆವು. ಕಾಯಿಲೆ ಇನ್ನು ಗುಣವಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಮನುಷ್ಯನಿಗೆ ದಿನಗಳು ಉಳಿದಿರುತ್ತವಲ್ಲ, ಆ ದಿನಗಳ ಆರೈಕೆಗೆ.

ಇಂಥ ಆರೈಕೆಗೆ ಹಾಸ್ಪೈಸ್ ಅನ್ನುತ್ತಾರೆ. ಹಾಸ್ಪೈಸ್ ಅಂದ ಕೂಡಲೇ ಜನ ಒಂದು ಕಟ್ಟಡ ನೆನೆಸಿಕೊಳ್ಳುತ್ತಾರೆ. ಕಟ್ಟಡ ಇದ್ದರೆ ಒಳ್ಳೆಯದೇ. ಆದರೆ ಒಬ್ಬ ನರ್ಸ್, ಒಂದು ಚೀಲ, ಒಂದು ಸ್ಕೂಟಿ ಇದ್ದರೂ ಈ ಕೆಲಸ ಮನೆ ಬಾಗಿಲಿಗೆ ಬರುತ್ತದೆ. ನೋವು ಇಳಿಸುವುದು, ಹುಣ್ಣು ತೊಳೆಯುವುದು, ಬೆನ್ನು ಹುಣ್ಣಾಗದ ಹಾಗೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸುವುದು, ಉಸಿರಾಟ ಕಷ್ಟವಾದಾಗ ತಲೆ ಎತ್ತರಿಸಿ ಕೂರಿಸಿ ಫ್ಯಾನಿನ ಗಾಳಿ ಮುಖಕ್ಕೆ ಬರುವ ಹಾಗೆ ಮಾಡುವುದು, ರಾತ್ರಿಯಿಡೀ ಎಚ್ಚರವಿದ್ದು ಸೋತುಹೋದ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು 'ನೀ ಉಂಡೇನವ್ವಾ' ಎಂದು ಕೇಳುವುದು. ಇಷ್ಟೂ ಅದರೊಳಗೆ ಬರುತ್ತದೆ. ಕ್ಯಾನ್ಸರಿಗೆ ಮಾತ್ರ ಅಂತಲೂ ಇಲ್ಲ. ಕಿಡ್ನಿ ಸೋತವರಿಗೆ, ಲಕ್ವ ಹೊಡೆದು ಹಾಸಿಗೆ ಹಿಡಿದವರಿಗೆ, ಪುಪ್ಪುಸ ಹಾಳಾಗಿ ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವರಿಗೆ, ಎಲ್ಲರಿಗೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಜಗತ್ತಿನಲ್ಲಿ ಇದು ಬೇಕಾದವರ ಪೈಕಿ ಸುಮಾರು ಶೇ 14ರಷ್ಟು ಜನರಿಗೆ ಮಾತ್ರ ಸಿಗುತ್ತಿದೆ.

ನನಗೆ ಇದು ತಿಳಿದದ್ದು ನನ್ನ ಸೋದರತ್ತೆಯಿಂದ, ನಾವು ಅತ್ತಿ ಅನ್ನುತ್ತಿದ್ದವಳಿಂದ. ಅವಳಿಗೆ ಬಾಯಿ ಕ್ಯಾನ್ಸರ್ ಇತ್ತು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವುದು ಹರೆಯದಿಂದ ಬಂದ ರೂಢಿ. ಹೊಸಪೇಟೆಗೆ ಹೋಗಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವುದು, ಆಸ್ಪತ್ರೆಯ ಜಗುಲಿಯಲ್ಲಿ ಚೀಟಿಗೆ ಕಾಯುವುದು, ಮರುದಿನ ರಾತ್ರಿ ಅದೇ ಗಾಡಿಗೆ ವಾಪಸ್ಸು. ಆ ಗಾಡಿಯ ಜನರಲ್ ಬೋಗಿಯಲ್ಲಿ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು, ಮಡಿಲಲ್ಲಿ ಫೈಲು, ಎಕ್ಸ್‌ರೇ ಕವರು ಇಟ್ಟುಕೊಂಡು ಕೂತವರನ್ನು ನೀವೂ ನೋಡಿರುತ್ತೀರಿ. ಒಂದು ದಿನ ಅಲ್ಲಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ 'ಇನ್ನು ಮನೆಗೆ ಕರಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ' ಅಂದರು. ಅಷ್ಟೇ. ಚೆನ್ನಾಗಿ ನೋಡಿಕೊಳ್ಳುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ನಮ್ಮ ಮಾವ ಅದನ್ನೇ ಕೇಳಿದರು, ಒಂದು ಸಲ ಅಲ್ಲ. ಉತ್ತರ ಸಿಗಲಿಲ್ಲ.

ಆಮೇಲಿನ ವಾರಗಳನ್ನು ಹೇಳಬೇಕು, ಆದರೆ ಜಾಸ್ತಿ ಹೇಳಲಾರೆ. ಅತ್ತಿ ಗೋಡೆಗೆ ಹಣೆ ಹಚ್ಚಿ ಕೂರುತ್ತಿದ್ದಳು. ಮಾತಾಡಿದರೆ ನೋವು, ನೀರು ನುಂಗಿದರೆ ನೋವು. ಗಾಯದ ವಾಸನೆಗೆ ತಾನೇ ನಾಚಿ ಮೊಮ್ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಊರಿನ ಡಾಕ್ಟರು ಕೊಡುತ್ತಿದ್ದ ಇಂಜೆಕ್ಷನ್ ಒಂದೆರಡು ತಾಸು ತಡೆಯುತ್ತಿತ್ತು. ಕೊನೆಗೆ ನಮ್ಮ ಓಣಿಯ ಒಬ್ಬ ಸಿಸ್ಟರ್ ಬಂದು ನೋಡಿದರು. ಇವರಿಗೆ ಬೇಕಾದ ಮಾತ್ರೆ ಬೇರೆ ಇದೆ ಅಂದರು. ಬೆಂಗಳೂರಿಗೆ ಕಾಗದಪತ್ರ ಹಿಡಿದುಕೊಂಡು ಮಾವನೇ ಹೋಗಿ ಮಾರ್ಫಿನ್, ಅಂದರೆ ಅಫೀಮಿನಿಂದ ಮಾಡುವ ನೋವಿನ ಮಾತ್ರೆ, ತಂದರು. ನಾಲ್ಕು ತಾಸಿಗೊಂದು ಮಾತ್ರೆ, ಜೊತೆಗೆ ಮಲಬದ್ಧತೆ ಆಗದ ಹಾಗೆ ಇನ್ನೊಂದು ಔಷಧಿ. ವಾಸನೆಗೆ ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯಕ್ಕೆ ಉದುರಿಸಲು ಸಿಸ್ಟರ್ ತೋರಿಸಿಕೊಟ್ಟರು. ಮೂರನೇ ದಿನ ಅತ್ತಿ ರಾತ್ರಿಯಿಡೀ ಮಲಗಿದಳು. ಎದ್ದು ರಾಗಿ ಅಂಬಲಿ ಕೇಳಿದಳು. ಉಪ್ಪು ಕಡಿಮೆ ಆಯ್ತು ಅಂತ ಸೊಸೆಗೆ ಬೈದಳು. ಬೈಗುಳ ಕೇಳಿ ನಮ್ಮ ಮನೆಯಲ್ಲಿ ಎಲ್ಲರೂ ಅತ್ತೆವು. ಅವಳು ಉಳಿಯಲಿಲ್ಲ, ಅದು ಗೊತ್ತಿದ್ದದ್ದೇ. ಆದರೆ ಕೊನೆಯ ದಿನಗಳಲ್ಲಿ ಅವಳು ಅವಳಾಗಿಯೇ ಇದ್ದಳು. ಮೊಮ್ಮಗಳ ತಲೆ ಬಾಚಿದಳು. ಯಾವ ಹೊಲ ಯಾರಿಗೆ ಅಂತ ಹೇಳಿದಳು. ತನ್ನ ಇಳಕಲ್ ಸೀರೆ ಯಾರು ಉಡಬೇಕು ಅನ್ನುವುದನ್ನೂ ಹೇಳಿದಳು.

ಇದಕ್ಕೆ ದುಡ್ಡು ಕೂಡಿಸಬೇಕು ಅಂತ ಆಗಲೇ ಅನ್ನಿಸಿತು. ಹೇಗೆ ಅನ್ನುವುದು ಸಿಸ್ಟರ್ ಜೊತೆ ಮಾತಾಡುತ್ತಾ ಹೊಳೆಯಿತು. ಬ್ರಿಟನ್ನಿನಲ್ಲಿ ಹಾಸ್ಪೈಸ್‌ಗಳು ಬಹುತೇಕ ಜನರ ದುಡ್ಡಿನಿಂದಲೇ ನಡೆಯುತ್ತವೆ. ಇಂಗ್ಲೆಂಡಿನ ವಯಸ್ಕರ ಹಾಸ್ಪೈಸ್‌ಗಳಿಗೆ ಸರ್ಕಾರದಿಂದ ಬರುವುದು ಖರ್ಚಿನ ಸುಮಾರು ಮೂರನೇ ಒಂದು ಪಾಲು ಮಾತ್ರ. ಉಳಿದದ್ದಕ್ಕೆ ಅಲ್ಲಿಯ ಜನ ಮ್ಯಾರಥಾನ್ ಓಡುತ್ತಾರೆ, ಬೆಟ್ಟ ಹತ್ತುತ್ತಾರೆ, ಸೈಕಲ್ ತುಳಿಯುತ್ತಾರೆ. ಗೆಳೆಯರು, ನೆಂಟರು, ಆಫೀಸಿನವರು ಮೈಲಿಗೆ ಇಷ್ಟು ಅಂತ ಮಾತು ಕೊಡುತ್ತಾರೆ. ಈ ಹಾಸ್ಪೈಸ್ ಅನ್ನುವುದಕ್ಕೆ ಇವತ್ತಿನ ರೂಪ ಕೊಟ್ಟ ಸಿಸಿಲಿ ಸಾಂಡರ್ಸ್ ಅವರ ಕಥೆಯೂ ಹಾಗೇ ಇದೆ. ನರ್ಸ್ ಆಗಿದ್ದವರು, ಆಮೇಲೆ ರೋಗಿಗಳ ಸಮಾಜ ಸೇವಕಿಯಾದರು, ಆಮೇಲೆ ಓದಿ ಡಾಕ್ಟರಾದರು. 1948ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ಸಾಯುತ್ತಿದ್ದ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ರೋಗಿ, ನಿಮ್ಮ ಮನೆಗೆ ನಾನೊಂದು ಕಿಟಕಿಯಾಗುತ್ತೇನೆ ಅಂತ ಹೇಳಿ 500 ಪೌಂಡ್ ಬಿಟ್ಟುಹೋದರು. ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಬಾಗಿಲು ತೆರೆದದ್ದು 1967ರಲ್ಲಿ. ಹತ್ತೊಂಬತ್ತು ವರ್ಷ! ಮೊದಲ ದೇಣಿಗೆ ಕೊಟ್ಟವರು ಸಾಯುತ್ತಿದ್ದ ಒಬ್ಬ ಮನುಷ್ಯ ಅನ್ನುವುದು ನನಗೆ ಈಗಲೂ ಮೈ ಜುಮ್ಮೆನಿಸುತ್ತದೆ.

ನಡೆಯುವುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ಯುಗಾದಿಗೆ ಮುಂಚೆ ಶ್ರೀಶೈಲದ ದಾರಿ ನೋಡಿ, ಕಂಬಿ ಹೊತ್ತುಕೊಂಡು ಗುಂಪು ಗುಂಪಾಗಿ ಜನ, ಬರಿಗಾಲು, ಹೆಗಲ ಮೇಲೆ ಕಂಬಳಿ. ದಾರಿಯುದ್ದಕ್ಕೂ ಊರಿನವರು ಅನ್ನ ಹಾಕುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಗುರುತಿಲ್ಲದವರ ಪಾದಕ್ಕೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಹುಣ್ಣಿಮೆಗೆ ಹುಲಿಗೆಮ್ಮನಿಗೆ ನಡೆಯುವವರು, ಮಂತ್ರಾಲಯಕ್ಕೆ ನಡೆಯುವವರು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬರುವ ರೊಟ್ಟಿ ನೋಡಿದವರಿಗೆ ಈ ಸೀಮೆಯ ಜನ ಕೊಡುವ ಕೈಯವರು ಅಂತ ಬೇರೆ ಹೇಳಬೇಕಾ? ನಡೆಯುವ ಕಾಲು, ಕೊಡುವ ಕೈ ಎರಡೂ ಇಲ್ಲಿ ಇದ್ದವು. ಯಾರಿಗೆ ಅನ್ನುವುದನ್ನು ಮಾತ್ರ ಹೇಳಬೇಕಿತ್ತು.

ಹಾಗಾಗಿ ಮೈಲಿನ ಲೆಕ್ಕ ಇಟ್ಟೆವು. ಕಾಲುವೆಯೂ ಮೈಲು, ದುಡ್ಡೂ ಮೈಲಿಗೆ. ಮೈಲಿಗೆ ಒಂದು ರೂಪಾಯಿ ಅಂದರೆ 141, ಹತ್ತು ರೂಪಾಯಿ ಅಂದರೆ 1410. ಕಾಲೇಜು ಹುಡುಗರು ಮೈಲಿಗೆ ಒಂದು ರೂಪಾಯಿ ಬರೆಸಿದರು. ಅಕ್ಕಿ ಗಿರಣಿಯ ಒಬ್ಬರು ಮೈಲಿಗೆ ನೂರು ಬರೆಸಿ, ಹೆಸರು ಎಲ್ಲೂ ಹಾಕಬೇಡಿ ಅಂದರು. ಕೆಲವರು ದುಡ್ಡಿನ ಬದಲು ದೊಡ್ಡವರ ಡೈಪರ್ ಪೊಟ್ಟಣ, ಏರ್ ಬೆಡ್ ಕೊಟ್ಟರು. ದುಡ್ಡೆಲ್ಲಾ ನೇರ ಹಾಸ್ಪೈಸ್ ಖಾತೆಗೆ, ನಮ್ಮ ಕೈಗೆ ಬೇಡ. ರಸೀದಿ ಅವರೇ ಕೊಡುತ್ತಾರೆ. ಇದೊಂದು ನಿಯಮ ಮೊದಲೇ ಮಾಡಿಕೊಂಡಿದ್ದು ಬಹಳ ಒಳ್ಳೆಯದಾಯಿತು.

ನಡಿಗೆ ಸುಲಭ ಇರಲಿಲ್ಲ. ದಿನಕ್ಕೆ 25 ಕಿಲೋಮೀಟರ್ ಆಸುಪಾಸು. ಮಂಜು ಇರುವಾಗಲೇ ಹೊರಟು ಬಿಸಿಲು ಏರುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಮುಗಿಸುವುದು, ಮಧ್ಯಾಹ್ನ ಬೇವಿನ ಮರದ ಕೆಳಗೆ ಮಲಗುವುದು, ಇಳಿಹೊತ್ತಿಗೆ ಮತ್ತೆ ನಡೆಯುವುದು. ಎಲ್ಲಾ ಕಡೆ ಕಾಲುವೆ ದಂಡೆಯ ಮೇಲೆ ನಡೆಯಲು ಆಗುವುದಿಲ್ಲ. ಗಂಗಾವತಿ ಹತ್ತಿರ ಪಾಪಯ್ಯ ಟನಲ್ ಬಂದರೆ ಕಾಲುವೆ ಗುಡ್ಡದೊಳಗೆ ಹೋಗುತ್ತದೆ, ನಾವು ಸುತ್ತು ಹಾಕಬೇಕು. ಇನ್ನು ಕೆಲವು ಕಡೆ ಬಳ್ಳಾರಿ ಜಾಲಿ ದಂಡೆಯನ್ನೇ ನುಂಗಿಬಿಟ್ಟಿದೆ. ಅದರ ಮುಳ್ಳು ಶೂ ಅಟ್ಟೆಯನ್ನೂ ಬಿಡುವುದಿಲ್ಲ. ಅಂಥ ಕಡೆ ರಸ್ತೆಗೆ ಇಳಿದೆವು. ರಸ್ತೆಯಲ್ಲಿ ಭತ್ತ ಒಣಹಾಕಿರುತ್ತಾರೆ, ಅದರ ಪಕ್ಕ ಕಟಾವು ಮಿಷನ್‌ಗಳ ಸಾಲು, ಹುಲ್ಲಿನ ಲೋಡು ಹೊತ್ತ ಟ್ರ್ಯಾಕ್ಟರ್‌ಗಳು ಓಲಾಡುತ್ತಾ ಬರುತ್ತವೆ. ಹುಷಾರಾಗಿರಬೇಕು.

ಪಾದದ ಬಗ್ಗೆ ಗೊತ್ತಿರುವವರು ಮೊದಲೇ ಹೇಳಿದ್ದರು. ನಡೆಯುವ ಮುಂಚೆ ಬೆರಳ ಸಂದಿಗೆ ಹರಳೆಣ್ಣೆ, ಒಳಗೆ ತೆಳು ಸಾಕ್ಸು, ಮೇಲೆ ದಪ್ಪ ಸಾಕ್ಸು. ಉಗುರು ಚಿಕ್ಕದಾಗಿರಲಿ. ಚರ್ಮ ಉರಿ ಅನ್ನಿಸಿದ ಕೂಡಲೇ ಕೂತು ಟೇಪ್ ಹಚ್ಚಬೇಕು, ಬೊಬ್ಬೆ ಏಳುವವರೆಗೆ ಕಾಯಬಾರದು. ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ತಾಸಿಗೊಮ್ಮೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮಿರ್ಚಿ ತಿಂದರೆ ನಾಲಿಗೆಗೆ ಹಿತ, ಆದರೆ ನಡೆಯುವ ಹೊಟ್ಟೆಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರೇ ಸರಿ. ನಡುವಿನ ದಿನಗಳಲ್ಲಿ ಕಷ್ಟ ಜಾಸ್ತಿ. ಹೊರಟ ಹುರುಪು ಹೋಗಿರುತ್ತದೆ, ಊರು ಇನ್ನೂ ದೂರ, ಮೊಣಕಾಲು ಬೆಳಿಗ್ಗೆ ಎದ್ದಾಗಲೇ ಬಿಗಿದಿರುತ್ತದೆ. ಮಾತು ನಿಂತುಹೋಗಿ ಬರೀ ಹೆಜ್ಜೆ ಸದ್ದು ಕೇಳುತ್ತಿತ್ತು. ಆಗ ಅತ್ತಿ ಗೋಡೆಗೆ ಹಣೆ ಹಚ್ಚಿ ಕೂತದ್ದು ನೆನಪಾಗುತ್ತಿತ್ತು. ನನ್ನ ನೋವಿಗೆ ಸಂಜೆ ಆರು ಗಂಟೆಗೆ ವಿಶ್ರಾಂತಿ ಇತ್ತು. ಅವಳದಕ್ಕೆ ಇರಲಿಲ್ಲ.

ದಾರಿಯಲ್ಲಿ ಸಿಕ್ಕವರೆಲ್ಲಾ ಕೇಳುತ್ತಿದ್ದದ್ದು ಒಂದೇ.

"ಎಲ್ಲಿಗೆ ಹೊಂಟೀರ್ರೀ? ಶ್ರೀಶೈಲಕ್ಕೇನು?"

"ಇಲ್ರೀ, ರಾಯಚೂರಿಗೆ."

"ಯಾವ ದೇವ್ರಿಗ್ರೀ?"

ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ಸಾವಿನ ಮಾತು ಬೆಳಿಗ್ಗೆ ಬೆಳಿಗ್ಗೆ ಯಾರಿಗೂ ಬೇಡ, ಅದು ನನಗೂ ಅರ್ಥವಾಗುತ್ತದೆ. ಆಮೇಲೆ ಯಾರಾದರೂ ಒಬ್ಬರು ಕೇಳೇ ಕೇಳುತ್ತಿದ್ದರು. "ಗುಣ ಆಗಂಗಿಲ್ಲ ಅಂದಮ್ಯಾಲ ಅವ್ರಿಗ್ಯಾಕ್ರೀ ರೊಕ್ಕ? ಸಣ್ಣ ಹುಡುಗ್ರ ಆಪರೇಷನ್‌ಗೆ ಕೊಡ್ರಿ, ಒಂದು ಜೀವ ಉಳೀತದ."

ಕೆಟ್ಟ ಮನಸ್ಸಿನಿಂದ ಕೇಳಿದ ಪ್ರಶ್ನೆ ಅಲ್ಲ ಇದು. ಬಡತನ ಕಂಡವರು, ಇರುವ ಹತ್ತು ರೂಪಾಯಿ ಎಲ್ಲಿ ಹಾಕಿದರೆ ಉಪಯೋಗ ಅಂತ ಲೆಕ್ಕ ಹಾಕಿಯೇ ಬದುಕಿದವರು ಕೇಳುವ ಪ್ರಶ್ನೆ. ಕ್ಯಾನ್ಸರಿಗಾಗಿ ಓಡಿದವರಲ್ಲಿ ಜಗತ್ತಿಗೇ ಗೊತ್ತಿರುವ ಕೆನಡಾದ ಟೆರ್ರಿ ಫಾಕ್ಸ್, 1980ರಲ್ಲಿ ಒಂದು ಕಾಲು ಕೃತಕದ್ದಾಗಿದ್ದರೂ 143 ದಿನ ಓಡಿದ ಹುಡುಗ, ದುಡ್ಡು ಕೇಳಿದ್ದು ಸಂಶೋಧನೆಗೆ. ಮುಂದೆ ಯಾರಾದರೂ ಗುಣವಾಗಲಿ ಅಂತ. ಅದಕ್ಕೆ ಜನ ಕೊಡುತ್ತಾರೆ, ಕೊಡಬೇಕು ಕೂಡ. ಉಳಿಯದವರಿಗಾಗಿ ಕೇಳುವುದು ಬೇರೆ. ಕೊಟ್ಟವರಿಗೆ ತೋರಿಸಲು 'ನೋಡಿ, ಬದುಕಿದರು' ಅಂತ ಒಂದು ಫೋಟೋ ಇರುವುದಿಲ್ಲ. ನಾನು ಅಲ್ಲಿ ವಾದ ಮಾಡುತ್ತಿರಲಿಲ್ಲ. ಅತ್ತಿ ಉಪ್ಪಿಗಾಗಿ ಬೈದದ್ದನ್ನು ಹೇಳುತ್ತಿದ್ದೆ, ಅಷ್ಟೇ. ಅದು ಮುಗಿಯುವಷ್ಟರಲ್ಲಿ ಎದುರಿಗಿದ್ದವರು ತಮ್ಮ ಮನೆಯ ಒಬ್ಬರ ಕಥೆ ಶುರು ಮಾಡಿರುತ್ತಿದ್ದರು. ಒಂದು ಊರಿನಲ್ಲೂ ಇದು ತಪ್ಪಲಿಲ್ಲ.

ರಾತ್ರಿ ಶಾಲೆಯ ಜಗುಲಿ, ಬಸವಣ್ಣನ ಗುಡಿ, ಸಿಂಧನೂರು ಕಡೆ ಕ್ಯಾಂಪುಗಳ ಸಮುದಾಯ ಭವನ. ಊಟ ಆದ ಮೇಲೆ ಕಟ್ಟೆಯ ಮೇಲೆ ಸಿಸ್ಟರ್ ಅರ್ಧ ತಾಸು ಮಾತಾಡುತ್ತಿದ್ದರು. ನಮ್ಮಲ್ಲೇ ಒಬ್ಬ ಹುಡುಗನನ್ನು ಮಂಚದ ಮೇಲೆ ಮಲಗಿಸಿ, ಹಾಸಿಗೆ ಹಚ್ಚಡವನ್ನು ಹೇಗೆ ಮಡಚಿದರೆ ಒಬ್ಬಳೇ ಹೆಂಗಸು ತನಗಿಂತ ತೂಕದ ಗಂಡನನ್ನು ಮಗ್ಗುಲಾಗಿಸಬಹುದು ಅಂತ ತೋರಿಸುತ್ತಿದ್ದರು. ಹೆಂಗಸರು ಎದ್ದು ಬಂದು ತಾವೇ ಮಾಡಿ ನೋಡುತ್ತಿದ್ದರು. ಮಾರ್ಫಿನ್ ಮಾತು ಬಂದರೆ ಗದ್ದಲ. ಚಟ ಹತ್ತುತ್ತದೆ, ಬೇಗ ಸಾಯಿಸುತ್ತದೆ, ಪೊಲೀಸ್ ಕೇಸಾಗುತ್ತದೆ. ಸಿಸ್ಟರ್ ಒಂದೊಂದಾಗಿ ಬಿಡಿಸುತ್ತಿದ್ದರು. ನೋವಿಗೆ ತಕ್ಕ ಹಾಗೆ, ಡಾಕ್ಟರು ಹೇಳಿದ ಅಳತೆಯಲ್ಲಿ ಬಾಯಿಂದ ಕೊಡುವ ಮಾರ್ಫಿನ್‌ಗೆ ಚಟ ಹತ್ತುವುದು ಅಪರೂಪ, ಅದು ಸಾವನ್ನು ಮುಂದಕ್ಕೆ ತರುವುದಿಲ್ಲ. ಮಾತ್ರೆ ದುಬಾರಿಯೂ ಅಲ್ಲ. 1985ರ ಮಾದಕ ವಸ್ತು ಕಾಯ್ದೆ ಬಿಗಿಯಾಗಿದ್ದರಿಂದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳಲು ಹಲವು ಲೈಸೆನ್ಸ್ ತೆಗೆದುಕೊಳ್ಳಬೇಕಿತ್ತು, ತಪ್ಪಿದರೆ ಜೈಲು. ಇಡುವ ಧೈರ್ಯ ಯಾರು ಮಾಡುತ್ತಾರೆ? 2014ರಲ್ಲಿ ತಿದ್ದುಪಡಿ ಆಗಿ ಅದು ಸರಳವಾಯಿತು. ಆದರೆ ಅಷ್ಟು ವರ್ಷದಲ್ಲಿ ಅದನ್ನು ಬರೆದುಕೊಡುವ ಅಭ್ಯಾಸವೇ ಇಲ್ಲದೆ ಡಾಕ್ಟರುಗಳ ಒಂದು ಪೀಳಿಗೆ ಬೆಳೆದುಬಿಟ್ಟಿತ್ತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಲೈಸೆನ್ಸಿನ ಮೇಲೆ ಅಫೀಮು ಬೆಳೆಯುವ ದೇಶ ನಮ್ಮದು. ಅದೇ ದೇಶದಲ್ಲಿ ನಮ್ಮ ಅತ್ತಿ ಆ ಮಾತ್ರೆಗಾಗಿ ಕಾದಳು. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಕಾಲುವೆಯ ಮೊದಲ ಮೈಲುಗಳಲ್ಲಿ ನೀರು ದಂಡೆ ತುಂಬಾ ಇರುತ್ತದೆ, ಎರಡೂ ಕಡೆ ಹಸಿರು. ನಡೆದಂತೆ ನಡೆದಂತೆ ಅಗಲ ಕಮ್ಮಿ, ನೀರೂ ಕಮ್ಮಿ. ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರು ಕಾಲುವೆಯ ಕೊನೆಯವರು, ಟೇಲ್‌ಎಂಡ್‌ನವರು. ನೀರಿಗಾಗಿ ಅವರ ಧರಣಿ, ರಸ್ತೆ ತಡೆ ನಮಗೆಲ್ಲಾ ಹೊಸದಲ್ಲ. ಅವರ ನಡುವೆ ಕೂತಾಗ ನನಗೆ ಇದು ಸುಲಭವಾಗಿ ಹೇಳಲು ಬಂತು. ಆಸ್ಪತ್ರೆಗಳ ವಿಷಯದಲ್ಲೂ ಹೀಗೇ ಆಗಿದೆ. ಹೆರಿಗೆಗೆ, ಆಪರೇಷನ್‌ಗೆ, ಸ್ಕ್ಯಾನಿಂಗ್‌ಗೆ ದುಡ್ಡು ಹರಿಯುತ್ತದೆ, ಜೀವದ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಒಂದು ಹನಿಯೂ ಉಳಿದಿರುವುದಿಲ್ಲ. ಸಿರವಾರದ ಹತ್ತಿರ ಒಬ್ಬ ಅಜ್ಜ ಇದನ್ನು ಕೇಳಿ ತಲೆ ಆಡಿಸಿ, ಒಳಗೆ ಹೋಗಿ ಐನೂರರ ನೋಟು ತಂದರು. ಅವರ ಹತ್ತಿ ಇನ್ನೂ ಮಾರಾಟ ಆಗಿರಲಿಲ್ಲ. ನಾವು ಬೇಡ ಅಂದರೂ ಕೇಳಲಿಲ್ಲ. ಆ ಊರಿನ ಹುಡುಗನೊಬ್ಬ ಅವರ ಹೆಸರಿನಲ್ಲಿ ಫೋನ್‌ಪೇ ಮಾಡಿ ರಸೀದಿ ತೋರಿಸಿದ.

ನಮ್ಮ ದೇಶದಲ್ಲಿ ಈ ಕೆಲಸ ಶುರುವಾಗಿ ಬಹಳ ವರ್ಷ ಆಗಿಲ್ಲ. ಮುಂಬೈನ ಶಾಂತಿ ಅವೇದನಾ ಸದನ 1986ರದ್ದು, ಅದೇ ಮೊದಲನೆಯದು. ಬೆಂಗಳೂರಿನ ಕರುಣಾಶ್ರಯ 1994ರಲ್ಲಿ ಟ್ರಸ್ಟ್ ಆಗಿ ಹುಟ್ಟಿ, 1999ರಿಂದ ಕ್ಯಾನ್ಸರ್ ಕೊನೆಯ ಹಂತದಲ್ಲಿರುವವರನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ನನಗೆ ಜಾಸ್ತಿ ಆಸೆ ಹುಟ್ಟಿಸಿದ್ದು ಮಾತ್ರ ಕೇರಳ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಜೊತೆಯವರು ಒಂದು ಸಣ್ಣ ಕ್ಲಿನಿಕ್ಕಿನಿಂದ ಶುರು ಮಾಡಿದರು. ಆಮೇಲೆ ಅಲ್ಲಿಯ ಊರೂರಿನ ಜನ ತಾವೇ ಸಣ್ಣ ಸಣ್ಣ ಮೊತ್ತ ಕೂಡಿಸಿ, ತರಬೇತಿ ತಗೊಂಡು, ನರ್ಸ್ ಜೊತೆ ಮನೆ ಮನೆಗೆ ಹೋಗತೊಡಗಿದರು. 2008ರಲ್ಲಿ ಸರ್ಕಾರವೇ ಇದಕ್ಕೊಂದು ನೀತಿ ತಂದಿತು. ಅಂದರೆ ಜನ ಮೊದಲು, ಸರ್ಕಾರ ಆಮೇಲೆ. ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಗಳಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ, ಬಳ್ಳಾರಿಯದ್ದಂತೂ ಹಳೆಯದು. ಇಲ್ಲಿ ಆಗುವುದಿಲ್ಲ ಅನ್ನಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಕೂಡಿದ ದುಡ್ಡಿನ ದೊಡ್ಡ ಪಾಲು ಹೋಗುವುದು ಔಷಧಿಗಲ್ಲ, ಇದನ್ನು ಕೊಟ್ಟವರಿಗೆ ಹೇಳಿದ್ದೇವೆ. ನರ್ಸುಗಳ ಸಂಬಳಕ್ಕೆ, ಗಾಡಿಗೆ, ಪೆಟ್ರೋಲಿಗೆ. ಮೂವತ್ತು ನಲವತ್ತು ಕಿಲೋಮೀಟರ್ ದೂರದ ಹಳ್ಳಿಗೆ ಒಬ್ಬರು ಹೋಗಿ, ಒಂದು ತಾಸು ಕೂತು, ವಾಪಸ್ಸು ಬರಬೇಕಲ್ಲ. ಕೆಲವರು ಸಂಬಳಕ್ಕೆ ಬೇಡ, ಮಾತ್ರೆಗೆ ಮಾತ್ರ ಕೊಡುತ್ತೇವೆ ಅಂದರು. ಅವರ ಜೊತೆ ಕೂತು ಮಾತಾಡಿದೆವು. ಮಾತ್ರೆ ಡಬ್ಬಿ ತಾನೇ ನಡೆದು ಮನೆಗೆ ಹೋಗುವುದಿಲ್ಲ ಅಂತ ಸಿಸ್ಟರ್ ಹೇಳಿದ ಮೇಲೆ ಬಹಳ ಜನ ಒಪ್ಪಿದರು.

ನಿಮ್ಮ ಮನೆಯಲ್ಲೇ ಯಾರನ್ನಾದರೂ ಆಸ್ಪತ್ರೆಯವರು ಮನೆಗೆ ಕರಕೊಂಡು ಹೋಗಿ ಅಂದಿದ್ದರೆ, ಹೊರಡುವ ಮುಂಚೆ ಇಷ್ಟು ಕೇಳಿ. ನೋವಿಗೆ ಏನು ಬರೆದುಕೊಟ್ಟಿದ್ದೀರಿ, ಅದು ಸಾಲದಿದ್ದರೆ ಮುಂದೇನು? ಇಲ್ಲಿ ಪ್ಯಾಲಿಯೇಟಿವ್ ಕೇರ್ (ನೋವು, ತೊಂದರೆ ಇಳಿಸುವ ಆರೈಕೆ) ವಿಭಾಗ ಇದೆಯಾ? ಮಾರ್ಫಿನ್ ನಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಉತ್ತರ ಬರುವವರೆಗೆ ಏಳಬೇಡಿ. ಕೇಳುವುದು ನಿಮ್ಮ ಹಕ್ಕು.

ಬಳ್ಳಾರಿಯ ಗೆಳೆಯರು ಈಗಾಗಲೇ ಕೇಳುತ್ತಿದ್ದಾರೆ, ಮುಂದಿನ ಸಲ ನಮ್ಮ ಕಡೆ ಬನ್ನಿ ಅಂತ. ಹೊಸಪೇಟೆಯಿಂದ ಎಚ್‌ಎಲ್‌ಸಿ (ತುಂಗಭದ್ರಾ ಮೇಲ್ಮಟ್ಟದ) ಕಾಲುವೆ ಹಿಡಿದು ಬಳ್ಳಾರಿ ಸೀಮೆಗೆ ಹೋಗೋಣ ಅಂತ ಮಾತಾಗಿದೆ, ಭತ್ತದ ಕಟಾವು ಮುಗಿಯುವ ಹೊತ್ತಿಗೆ. ಪೂರ್ತಿ ನಡೆಯಬೇಕು ಅಂತೇನೂ ಇಲ್ಲ. ನಿಮ್ಮೂರಿನ ಹತ್ತಿರ ಬಂದಾಗ ಎರಡು ಮೈಲು ಜೊತೆಗೆ ಬನ್ನಿ, ಅಥವಾ ರಾತ್ರಿ ಉಳಿಯಲು ಒಂದು ಜಗುಲಿ ತೋರಿಸಿ. ನಡೆಯುವುದಾದರೆ ಈಗಿನಿಂದಲೇ ದಿನಾ ಬೆಳಿಗ್ಗೆ ಒಂದು ತಾಸು ಶುರು ಮಾಡಿ, ಹೊಸ ಶೂ ತಗೊಳ್ಳುವುದಿದ್ದರೆ ತಿಂಗಳು ಮುಂಚೆಯೇ ತಗೊಂಡು ಕಾಲಿಗೆ ಒಗ್ಗಿಸಿಕೊಳ್ಳಿ.